ಆರೈಕೆಯ ಹೊಣೆ ಮನೆಗೆ ಬಂದ ಬಗೆ

1912ರಲ್ಲಿ ಎರಡು ಸಂಗತಿಗಳು ನಡೆದವು. ಬ್ರಿಟಿಷ್ ಭಾರತದ ಹುಚ್ಚರ ಕಾಯ್ದೆ ಜಾರಿಗೆ ಬಂದು, ಬುದ್ಧಿ ಬೆಳೆಯದವರನ್ನೂ ಚಿತ್ತ ಕದಡಿದವರನ್ನೂ ಒಂದೇ ಹೆಸರಿನಡಿ ಸೇರಿಸಿತು. ಅದೇ ವರ್ಷ ಜರ್ಮನಿಯ ವೈದ್ಯ ಆಲ್ಫ್ರೆಡ್ ಹಾಪ್ಟ್‌ಮನ್, ಫಿನೋಬಾರ್ಬಿಟಾಲ್ ಎಂಬ ನಿದ್ದೆಮದ್ದು ಫಿಟ್ಸನ್ನೂ ತಡೆಯುತ್ತದೆ ಎಂದು ವರದಿ ಮಾಡಿದ. ಕಾಯ್ದೆಯ ಕಣ್ಣಿಗೆ ಮನೆಯವರೆಂದರೆ ಅರ್ಜಿ ಹಾಕುವವರು. ಮಾತ್ರೆಗಾದರೋ ದಿನ ತಪ್ಪದೆ ಕೊಡುವ ಕೈ ಬೇಕಿತ್ತು. ಆ ಕೈಯನ್ನು ವೈದ್ಯಲೋಕ ಗುರುತಿಸಲು ಅರ್ಧ ಶತಮಾನ ಹಿಡಿಯಿತು, ಕಾನೂನು ಗುರುತಿಸಲು ಇನ್ನೂ ಹೆಚ್ಚು.

ಬುದ್ಧಿಮಾಂದ್ಯ ಮತ್ತು ಮೂರ್ಛೆರೋಗ ಜೊತೆಯಾಗಿ ಬರುವುದು ಅಪರೂಪವಲ್ಲ. ಬೌದ್ಧಿಕ ಅಸಾಮರ್ಥ್ಯವಿರುವ ಐವರಲ್ಲಿ ಸುಮಾರು ಒಬ್ಬರಿಗೆ ಫಿಟ್ಸ್ ಇರುತ್ತದೆ. ಅಸಾಮರ್ಥ್ಯ ತೀವ್ರವಾದಷ್ಟೂ ಈ ಪ್ರಮಾಣ ಏರುತ್ತದೆ. ಇಂಥ ಮಕ್ಕಳಲ್ಲಿ ಅನೇಕರಿಗೆ ತಮಗೇನಾಯಿತೆಂದು ಹೇಳಲು ಬಾರದು. ವೈದ್ಯರಂತೂ ಫಿಟ್ಸನ್ನು ಕಣ್ಣಾರೆ ಕಾಣುವುದೇ ಕಡಿಮೆ. ಹೊತ್ತೆಷ್ಟಾಗಿತ್ತು, ಯಾವ ಕೈ ಮೊದಲು ಸೆಟೆಯಿತು, ಮಾತ್ರೆ ಹೊಟ್ಟೆಗೆ ಹೋಯಿತೋ ಮಗು ಉಗುಳಿತೋ ಎಂಬುದೆಲ್ಲ ತಾಯಿಯ ಬಾಯಿಂದಲೇ ಬರಬೇಕು. ಚಿಕಿತ್ಸೆಯ ಅರ್ಧಭಾಗ ನಿಂತಿರುವುದೇ ಆ ಸಾಕ್ಷ್ಯದ ಮೇಲೆ.

ಮನೆಯವರನ್ನು ಆಸ್ಪತ್ರೆಯೊಳಗೆ ಬಿಟ್ಟುಕೊಂಡ ಮೊದಲ ಪ್ರಯೋಗಗಳು ಮಾನಸಿಕ ರೋಗಿಗಳಿಗಾಗಿ ನಡೆದವು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ಬಂಧುಗಳನ್ನು ರೋಗಿಗಳ ಜೊತೆಯಲ್ಲೇ ಇರಿಸಿದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜೂ ಇದೇ ದಾರಿ ಹಿಡಿಯಿತು. ಯೂರೋಪಿನ ಆಸ್ಪತ್ರೆಗಳು ಬಂಧುಗಳನ್ನು ಭೇಟಿಯ ಹೊತ್ತಿಗಷ್ಟೇ ಬಿಡುತ್ತಿದ್ದ ಕಾಲ ಅದು.

ಕರ್ನಾಟಕದ ಪಾಲು ಇನ್ನೊಂದು ದಿಕ್ಕಿನದು. 1974ರಲ್ಲಿ ರೂಪುಗೊಂಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್, ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಹಳ್ಳಿಗರ ನಡುವೆಯೇ ಚಿಕಿತ್ಸೆಯ ಪ್ರಯೋಗಕ್ಕಿಳಿಯಿತು. 1980ರ ದಶಕದಲ್ಲಿ ಆ ಪ್ರಯೋಗ ಬಳ್ಳಾರಿ ಜಿಲ್ಲೆಗೆ ಹಬ್ಬಿತು; ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಕಾರ್ಯಕರ್ತೆಯರು ಮೂರ್ಛೆರೋಗವನ್ನೂ ಬುದ್ಧಿಮಾಂದ್ಯವನ್ನೂ ಗುರುತಿಸಲು ಕಲಿತರು. ಮುಂದೆ ರಾಷ್ಟ್ರಕ್ಕೇ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು ಬಳ್ಳಾರಿಯಲ್ಲಿದೆ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ನಡೆಸಿದ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹಳೆಯ, ಅಗ್ಗದ ಫಿನೋಬಾರ್ಬಿಟಾಲ್ ಮತ್ತು ಫಿನಿಟಾಯಿನ್‌ನಿಂದಲೇ ಹಳ್ಳಿಯಲ್ಲೂ ಫಿಟ್ಸ್ ಹತೋಟಿಗೆ ಬರುತ್ತದೆ ಎಂದು ಅದು ತೋರಿಸಿತು. ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ಸಮೀಕ್ಷೆಯಲ್ಲಿ ಸಾವಿರಕ್ಕೆ 8.8 ಮಂದಿಗೆ ಮೂರ್ಛೆರೋಗ ಕಂಡಿತ್ತು. ಹಳ್ಳಿಗಳಲ್ಲಿ ಅದು 11.9, ನಗರದಲ್ಲಿ 5.7. ತಜ್ಞರೆಲ್ಲ ಇದ್ದದ್ದು ನಗರದಲ್ಲಿ.

ಮೈಸೂರು ಸೀಮೆಯವರಿಗೆ ಇನ್ನೊಂದು ಫಿಟ್ಸ್ ಚೆನ್ನಾಗಿ ಗೊತ್ತು. ತಲೆಗೆ ಬಿಸಿನೀರನ್ನು ಚೊಂಬು ಚೊಂಬಾಗಿ ಸುರಿದಾಗ ಬರುವಂಥದು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಇದನ್ನು ದೀರ್ಘಕಾಲ ಅಭ್ಯಸಿಸಿದರು. ಪರಿಹಾರದ ಬಹುಪಾಲು ಬಚ್ಚಲಿನಲ್ಲೇ ಇದೆ: ಉಗುರುಬೆಚ್ಚಗಿನ ನೀರು, ಬೇಕಾದರೆ ಸ್ನಾನಕ್ಕೆ ಮುಂಚೆ ಫಿಟ್ಸ್ ತಡೆಯುವ ಒಂದು ಕ್ಲೋಬಜಾಮ್ ಮಾತ್ರೆ. ಎರಡೂ ಎಣ್ಣೆನೀರು ಹಾಕುವವರ ಕೈಯಲ್ಲಿವೆ.

ಕಲಿಕೆಯ ವಿಷಯದಲ್ಲೂ ಮನೆಯೇ ಶಾಲೆಯಾಯಿತು. 1969ರಲ್ಲಿ ಅಮೆರಿಕದ ಪೋರ್ಟೇಜ್ ಎಂಬ ಊರಿನಲ್ಲಿ ಹುಟ್ಟಿದ ಪದ್ಧತಿಯಲ್ಲಿ, ತರಬೇತಾದವರು ಮನೆಗೆ ಹೋಗಿ ಪಾಠ ಹೇಳುವುದು ಮಗುವಿಗಲ್ಲ, ತಾಯಿಗೆ. ಗುಂಡಿ ಹಾಕುವುದನ್ನೂ ತುತ್ತು ಎತ್ತುವುದನ್ನೂ ಸಣ್ಣ ಸಣ್ಣ ಹಂತಗಳಾಗಿ ಒಡೆದು ಕಲಿಸುವ ಈ ಕ್ರಮ ಭಾರತಕ್ಕೂ ಬಂತು. ಬುದ್ಧಿಮಾಂದ್ಯರಿಗಾಗಿ 1984ರಲ್ಲಿ ಸಿಕಂದರಾಬಾದಿನಲ್ಲಿ ರಾಷ್ಟ್ರೀಯ ಸಂಸ್ಥೆ ಶುರುವಾಯಿತು. ಆದರೆ ಮನೆಪಾಠದಿಂದಾಗಿ ತಾಯಂದಿರ ತಲೆಯ ಮೇಲೆ ಇನ್ನೊಂದು ಕೆಲಸವೂ ಕೂತಿತು. ತಂದೆಯರಿಗೆ ಕಲಿಸುವ ಮಾತು ಅಷ್ಟಾಗಿ ಕೇಳಿಬರಲಿಲ್ಲ.

‘ನಾವು ಹೋದ ಮೇಲೆ ಯಾರು?’ ಎಂದು ಅಪ್ಪ ಅಮ್ಮಂದಿರು ಕೇಳತೊಡಗಿದ ಮೇಲೆ ಹೊಣೆ ಕಾನೂನಿನ ಬಾಗಿಲಿಗೆ ಬಂತು. ಪೋಷಕರ ಸಂಘಗಳು ‘ಪರಿವಾರ್’ ಒಕ್ಕೂಟದಡಿ ಸೇರಿದವು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಹದಿನೆಂಟು ದಾಟಿದ ಬುದ್ಧಿಮಾಂದ್ಯರಿಗೂ ಪಾಲಕರನ್ನು ನೇಮಿಸುವ ಅಧಿಕಾರವನ್ನು ಜಿಲ್ಲಾಮಟ್ಟದ ಸಮಿತಿಗೆ ಕೊಟ್ಟಿತು. ಅದರಡಿ ಬಂದ ‘ನಿರಾಮಯ’ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಒದಗುತ್ತದೆ. ಅದೇ 1999ರಲ್ಲಿ ಹಿಂದೂ ವಿವಾಹ ಕಾಯ್ದೆಯಿಂದ ಮೂರ್ಛೆರೋಗದ ಮಾತನ್ನು ತೆಗೆದುಹಾಕಿದರು. ಅಲ್ಲಿಯವರೆಗೆ ಪದೇ ಪದೇ ಬರುವ ಫಿಟ್ಸ್ ಮದುವೆಗೇ ಅಡ್ಡಿ ಎಂದು ಬರೆದಿತ್ತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ವೈಕಲ್ಯಗಳಿವೆ. ಬೌದ್ಧಿಕ ಅಸಾಮರ್ಥ್ಯ ಅದರಲ್ಲಿದೆ, ಮೂರ್ಛೆರೋಗ ಇಲ್ಲ. ಎರಡೂ ಇರುವ ಯುವಕನಿಗೆ ಪ್ರಮಾಣಪತ್ರ ಸಿಗುವುದು ಮೊದಲನೆಯದಕ್ಕಷ್ಟೇ. ಮನೆಯವರ ನಿದ್ದೆ ಕೆಡಿಸುವುದು ಎರಡನೆಯದು. ಫಿಟ್ಸ್ ಐದು ನಿಮಿಷ ಮೀರಿದರೆ, ಅದನ್ನು ನಿಲ್ಲಿಸುವ ಮಿಡಜೋಲಾಮ್ ಮದ್ದನ್ನು ಮೂಗಿಗೆ ಸಿಂಪಡಿಸಬೇಕೆಂದು ಈಗ ವೈದ್ಯರು ಹೇಳಿಕೊಡುತ್ತಾರೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಕೀಲಿ ತುರುಕುತ್ತಿದ್ದ ದಿನಗಳಿಂದ ಇದು ದೊಡ್ಡ ಜಿಗಿತ, ಆದರೆ ಹಿಂದೆ ನರ್ಸ್ ಮಾಡುತ್ತಿದ್ದ ಕೆಲಸವೂ ಮನೆಗೇ ಬಂತು. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರ ಭತ್ಯೆಯ ಮಾತು ಇದೇ ಕಾಯ್ದೆಯ 24ನೇ ಕಲಮಿನಲ್ಲಿದೆ. ಎಷ್ಟು, ಯಾರಿಗೆ ಎಂಬುದನ್ನು ಸರ್ಕಾರಗಳ ಆರ್ಥಿಕ ಶಕ್ತಿಗೆ ಬಿಟ್ಟಿದೆ. ಹಾಸಿಗೆ ಹಿಡಿದವರನ್ನೂ ತೀವ್ರ ಬೌದ್ಧಿಕ ಅಸಾಮರ್ಥ್ಯ ಇರುವವರನ್ನೂ ನೋಡಿಕೊಳ್ಳುವವರಿಗೆ ಕೇರಳದ ‘ಆಶ್ವಾಸಕಿರಣಂ’ ಯೋಜನೆ ಗೊತ್ತುಮಾಡಿದ ಮೊತ್ತ ತಿಂಗಳಿಗೆ 600 ರೂಪಾಯಿ, ಅಂದರೆ ದಿನಕ್ಕೆ ಇಪ್ಪತ್ತು.