ಹಕ್ಕಾ ಅನ್ನೂದು ಮಂದಿ ಹೆಸರು

ಮೊನ್ನೆ ಮನಿಮಂದಿ ಎಲ್ಲಾ ಕೂಡಿ ಊರಾಗಿನ ಹೊಸಾ 'ಪ್ಯಾನ್ ಏಷಿಯನ್' ಹೋಟೆಲಿಗೆ ಹೋಗಿದ್ವಿ. ಮೆನು ಕಾರ್ಡ್ ಅಂದ್ರ ಮದವಿ ಆಲ್ಬಮ್ಮಿನಷ್ಟು ದಪ್ಪ. ಥಾಯ್ ಕರಿ, ಜಪಾನಿನ ಸುಶಿ, ಟಿಬೇಟಿನ ಮೋಮೋ, ಶೆಜ್ವಾನ್ ದೋಸೆ ಸುದ್ದಾ ಐತಿ ಅದರಾಗ. ಅರ್ಧಾ ತಾಸು ಹಾಳಿ ತಿರುವಿ ಹಾಕಿ ಕಡೀಕ ನಾವು ಹೇಳಿದ್ದು ಏನಂತೀರಿ? ಗೋಬಿ ಮಂಚೂರಿ, ವೆಜ್ ಹಕ್ಕಾ ನೂಡಲ್ಸ್, ಮಂಚಾವ್ ಸೂಪ್. ನಮ್ಮ ಕಾಕು "ಹಕ್ಕಾ ಅಂದ್ರ ಏನಪಾ?" ಅಂತ ಕೇಳಿದ್ರ, ಬಡಿಸೂ ಹುಡುಗ "ಖಾರ ಕಡಿಮಿ ಇರ್ತೈತ್ರಿ ಅಮ್ಮಾರ" ಅಂದ.

ಹಕ್ಕಾ ಅನ್ನೂದು ಖಾರದ ಅಳತಿ ಅಲ್ರಿ. ಅದು ಮಂದಿ ಹೆಸರು. ನಾವು ಕೊಡವರು, ಹವ್ಯಕರು ಅಂತೀವಲ್ಲ, ಹಂಗ. ದಕ್ಷಿಣ ಚೀನಾದಾಗ ಇರೂ ಒಂದು ಜನ ಅವರು. ನೂರಾರು ವರ್ಷದ ಹಿಂದ ಉತ್ತರದ ಕಡಿಂದ ಗುಳೇ ಹೋದಂಗ ಹೋಗಿ ಅಲ್ಲಿ ನೆಲಿ ನಿಂತವರು. ಮೊದಲಿಂದ ಅಲ್ಲಿ ಇದ್ದ ಮಂದಿ ಇವರಿಗೆ 'ಅತಿಥಿ ಮನಿತನದವರು' ಅಂತ ಕರದ್ರು. ಹಕ್ಕಾ ಅನ್ನೂ ಶಬ್ದದ ಅರ್ಥ ಅದ. ಎಷ್ಟು ತಲೆಮಾರು ಕಳದ್ರೂ ಹೆಸರು ಮಾತ್ರ ಬಂದವರದ್ದ ಉಳೀತು. ಮುಂದ ನಮ್ಮ ದೇಶಕ್ಕ ಬಂದ ಮ್ಯಾಲೂ ಅದ ಕಥಿ ಆತು ನೋಡ್ರಿ.

ಚೀನಾದವರು ಕಲ್ಕತ್ತಾದಾಗ ನೆಲಿಸಿದ್ದು ಇತ್ತೀಚಿನ ಮಾತಲ್ಲ. ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಇದ್ದಾಗ, ಅಂದ್ರ 1700ರ ಕಡೀ ಕಡೀಕ, ಟಾಂಗ್ ಅಛ್ಯೂ ಅನ್ನೂ ಒಬ್ಬ ಚೀನೀ ವ್ಯಾಪಾರಿ ಬಂದ. ಬಜ್‌ಬಜ್ ಹತ್ರ ಹೂಗ್ಲಿ ನದಿ ದಂಡಿ ಮ್ಯಾಲ ಅವಂಗ ಭೂಮಿ ಸಿಕ್ತು. ಕಬ್ಬು ಹಚ್ಚಿದ, ಸಕ್ರಿ ಗಾಣ ಹಾಕಿದ, ತನ್ನ ಊರ ಕಡಿಂದ ಆಳು ಕರಸಿದ. ಆ ಊರಿಗೆ ಇವತ್ತಿಗೂ ಅವನ ಹೆಸರ ಐತಿ, ಅಛೀಪುರ ಅಂತ. ಅವನ ಸಮಾಧಿ, ಒಂದು ಚೀನೀ ಗುಡಿ ಅಲ್ಲಿ ಇನ್ನೂ ಅದಾವ. ಚೀನೀ ಹೊಸ ವರ್ಷ ಬಂತಂದ್ರ ಕಲ್ಕತ್ತಾದ ಚೀನೀ ಕುಟುಂಬದವರು ಬುತ್ತಿ ಕಟಗೊಂಡು ಅಲ್ಲಿಗೆ ಹೋಗ್ತಾರ. ನಾವು ಎಳ್ಳಮಾಸಿಗೆ ಹೊಲಕ್ಕ ಹೋಗೂದಿಲ್ಲೇನು, ಹಂಗ ಅನ್ಕೋರಿ.

ಅವನ ಹಿಂದ ಇನ್ನೂ ಮಂದಿ ಬಂದ್ರು. ಬರೂವಾಗ ಒಬ್ಬೊಬ್ಬರದು ಒಂದೊಂದು ಕಸಬು. ಕ್ಯಾಂಟನ್ ಕಡ್ಯಾವ್ರು ಬಡಗ್ಯಾರು, ಹಡಗಿನ ಕಟಗಿ ಕೆಲಸದವರು. ಹುಬೇ ಪ್ರಾಂತದವರು ಹಲ್ಲಿನ ಡಾಕ್ಟರು. ಹಕ್ಕಾ ಮಂದಿ ಬೂಟು ಹೊಲಿಯೂದು, ಚರ್ಮ ಹದ ಮಾಡೂದು ಹಿಡದ್ರು. ನಮ್ಮ ಮಂದಿ ಚರ್ಮದ ಕೆಲಸ ಅಂದ್ರ ಮೂಗು ಮುಚ್ಚಿಕೊಂಡು, ಅದನ್ನ ಮಾಡೂವ್ರನ್ನ ಊರ ಹೊರಗ ಇಟ್ಟ ಕಾಲ ಅದು. ಬ್ಯಾರೆಯವರು ಒಲ್ಲೆ ಅಂದ ಕಸಬಿನ್ಯಾಗ ಹೊರಗಿಂದ ಬಂದವರಿಗೆ ಜಾಗಾ ಸಿಕ್ತು. ಊರ ಪೂರ್ವಕ್ಕ ಟಾಂಗ್ರಾ ಅನ್ನೂ ಕೆಸರು ಜಾಗಾದಾಗ ಟ್ಯಾನರಿ ಕಟ್ಟಿದ್ರು. ಗಂಡಸ್ರ ಸಂಗಾಟ ಹೆಣ್ಮಕ್ಕಳೂ ಟ್ಯಾನರಿ ಕೆಲಸಕ್ಕ ಇಳೀತಿದ್ರು. ಇನ್ನ ಕೆಲವು ಹೆಣ್ಮಕ್ಕಳು ಬ್ಯೂಟಿ ಪಾರ್ಲರ್ ತಗದ್ರು. ದೊಡ್ಡ ಊರಾಗ 'ಚೈನೀಸ್ ಪಾರ್ಲರ್' ಅಂತ ಹಿಂದಿನವರು ಹೇಳೂದು ಕೇಳೀರಿ, ಆ ಪಾರ್ಲರ್ ನಡಸೂವ್ರು ಈ ಮನಿತನದವರು.

ಅಡಗಿ ಅವರ ಮನಿಯೊಳಗಿಂದ ಹೊರಗ ಬಂದಿದ್ದು ನಿಧಾನಕ. ಕಲ್ಕತ್ತಾದ ಹಳೇ ಚೀನೀ ಓಣಿ ಟಿರೆಟ್ಟಾ ಬಜಾರದಾಗ ಬೆಳ್ಳಂಬೆಳಿಗ್ಗೆ ಬುಟ್ಟಿ, ಪಾತೇಲಿ ಇಟಗೊಂಡು ಕುಂತು ಬಿಸಿ ಸೂಪು, ಹಬೆಯೊಳಗ ಬೇಯಿಸಿದ ಹಿಟ್ಟಿನುಂಡಿ ಮಾರೂದು ಇವತ್ತಿಗೂ ಐತಿ. ಅಲ್ಲಿ ತಿನ್ನಾಕ ಬಂದ ಬಂಗಾಲಿಗಳಿಗೆ ಉಪ್ಪು-ಖಾರ ಕಡಿಮಿ ಅನಸ್ತು. ಮಸಾಲಿ ಬೇಕಂದ್ರು. ಹಸಿಮೆಣಸಿನಕಾಯಿ ಬಿತ್ತು, ಬಳ್ಳೊಳ್ಳಿ ಕೈ ಬಿಚ್ಚಿ ಬಿತ್ತು, ಒಣಾ ಇದ್ದದ್ದು ರಸ ರಸ ಆತು. 1950ರ ದಶಕದಾಗ ಪೌ ಚಾಂಗ್, ಸಿಂಗ್ ಚ್ಯುಂಗ್ ಅನ್ನೂ ಚೀನೀ ಮನಿತನಗಳು ಕಲ್ಕತ್ತಾದಾಗ ಸಾಸ್ ಮಾಡಿ ಬಾಟ್ಲಿ ತುಂಬಿ ಮಾರಾಕ ಸುರು ಮಾಡಿದ್ರು. ಹಸರು ಮೆಣಸಿನಕಾಯಿ ಸಾಸ್ ಅನ್ನೂದು ಇಲ್ಲಿ ನಾಲಿಗೀಗೆ ಅಂತ ಇಲ್ಲೇ ಹುಟ್ಟಿದ್ದು. ಗೋಬಿ ಗಾಡಿ ಮ್ಯಾಲ ಕರೀದು, ಹಸರು, ಕೆಂಪು ಅಂತ ಮೂರು ಬಾಟ್ಲಿ ಸಾಲಾಗಿ ನಿಂತಿರ್ತಾವಲ್ಲ, ಅವುಗಳ ತವರು ಮನಿ ಕಲ್ಕತ್ತಾ ಅನ್ರಿ, ಬೀಜಿಂಗ್ ಅಲ್ಲ.

ಇಲ್ಲೀತನಕ ಓದಾಕ ಛಂದ ಐತಿ. ಇನ್ನ ಮುಂದಿಂದು ನಮ್ಮ ಸಾಲಿ ಪುಸ್ತಕದಾಗ ಬರಲಿಲ್ಲ.

1962ರ ಅಕ್ಟೋಬರ್ 20ಕ್ಕ ಚೀನಾ ಗಡಿಯೊಳಗ ಯುದ್ಧ ಸುರು ಆತು. ಒಂದು ತಿಂಗಳಿಗೆ ಮುಗೀತು. ಆದ್ರ ನವೆಂಬರದಾಗ ಅಸ್ಸಾಂ, ಶಿಲ್ಲಾಂಗ್, ದಾರ್ಜಿಲಿಂಗ್ ಕಡೆ ಇದ್ದ ಚೀನೀ ಮೂಲದ ಮನಿಗಳಿಗೆ ಪೊಲೀಸರು ಬಂದ್ರು. ಮಕ್ಕಳು, ಮುದುಕರು, ಬಸರಿ ಹೆಣ್ಮಕ್ಕಳು ಎಲ್ಲಾರನ್ನೂ ಎಬ್ಬಿಸಿದ್ರು. ಸ್ವಲ್ಪ ಬಟ್ಟಿ ಬರಿ ತಗೋರಿ ಅಂದ್ರು. ರೈಲಿಗೆ ಹತ್ತಿಸಿ, ದಿನಗಟ್ಟಲೆ ದಾರಿ ಸವಸಿ, ರಾಜಸ್ಥಾನದ ದೇವಲಿ ಅನ್ನೂ ಊರಿನ ಬಂದೀಖಾನಿ ಕ್ಯಾಂಪಿಗೆ ಒಯ್ದು ಇಟ್ರು. ಹಂಗ ಒಯ್ದವರು ಸುಮಾರು 3000 ಮಂದಿ. ಯಾರ ಮ್ಯಾಲೂ ಕೋರ್ಟಿನ್ಯಾಗ ಖಟ್ಲೆ ನಡೀಲಿಲ್ಲ. ಅಜ್ಜ ಚೀನಾದವ ಅನ್ನೂದ ಸಾಕಾತು.

ಅವರೊಳಗ ಅಸ್ಸಾಮಿನ ಮಾಕುಮ್ ಕಡ್ಯಾವ್ರು ಭಾಳ ಮಂದಿ. ಬ್ರಿಟಿಷರು ಚಾ ತೋಟಕ್ಕ ಅಂತ 1830ರ ದಶಕದ ಕಡೀಕ ಕರಸಿಕೊಂಡ ಚೀನೀ ಆಳುಗಳ ವಂಶದವರೂ ಅವರೊಳಗ ಇದ್ರು. ಅಲ್ಲಿ ಹೆಣ್ಣು ತಂದು, ಅಲ್ಲಿ ಭಾಷಾ ಕಲತು, ನಾಕೈದು ತಲೆಮಾರು ಆಗಿತ್ತು. ಅಸ್ಸಾಮಿ ಹೆಂಡ್ತಿ, ಚೀನೀ ಮುಖದ ಗಂಡ, ಎರಡೂ ಕಲಿಸಿದ ಮಕ್ಕಳು. ಹೆಂಡ್ತಿ ಏನ್ ಮಾಡಬೇಕ್ರಿ? ಮಕ್ಕಳ ಸಂಗಾಟ ಕ್ಯಾಂಪಿಗೆ ಹೋಗಬೇಕೋ, ತವರು ಮನಿಗೆ ಹೋಗಬೇಕೋ? ಇದರ ಮ್ಯಾಲ ಅಸ್ಸಾಮಿ ಲೇಖಕಿ ರೀಟಾ ಚೌಧುರಿ 'ಮಾಕಾಂ' ಅಂತ ದೊಡ್ಡ ಕಾದಂಬರಿ ಬರದಾರ. ದಾರ್ಜಿಲಿಂಗಿನ ಯಿನ್ ಮಾರ್ಷ್ ಅನ್ನೂವ್ರನ್ನ ಹಿಡಕೊಂಡು ಹೋದಾಗ ಅವರಿಗೆ 13 ವರ್ಷ. ದೊಡ್ಡವರಾದ ಮ್ಯಾಲ ಅಮೆರಿಕಾದಾಗ ಕುಂತು ತಮ್ಮ ಕಥಿ ಬರದ್ರು. ಜಾಯ್ ಮಾ ಅನ್ನೂ ಇನ್ನೊಬ್ಬಾಕಿ ಹುಟ್ಟಿದ್ದ ಆ ಕ್ಯಾಂಪಿನೊಳಗ. ಅಲ್ಲಿ ಇದ್ದು ಬಂದವರ ನೆನಪಿನ್ಯಾಗ ಊಟದ ಮಾತು ಭಾಳ ಬರತೈತಿ. ಮೊದಮೊದಲು ದೊಡ್ಡ ಕಡಾಯಿದಾಗ ಮಾಡಿದ ಅರೆಬೆಂದ ಅನ್ನ, ಆಮ್ಯಾಲ ರೇಶನ್ ಕೊಟ್ಟು ನೀವ ಮಾಡ್ಕೋರಿ ಅಂದಿದ್ದು. ಒಲಿ ತಮ್ಮ ಕೈಗೆ ಬಂದದ್ದ ಅವರಿಗೆ ದೊಡ್ಡ ಸಮಾಧಾನ ಆಗಿರಬೇಕು ಅಂತ ನನಗ ಅನಸ್ತೈತಿ.

ಎರಡು ಸಾವಿರದ ಮ್ಯಾಲ ಮಂದಿನ್ನ ಹಡಗಿನ್ಯಾಗ ಚೀನಾಕ್ಕ ಕಳಿಸಿಬಿಟ್ರು. ಅವರೊಳಗ ಎಷ್ಟೋ ಮಂದಿ ಚೀನಾ ಕಣ್ಣಿಲೆ ಕಂಡವರಲ್ಲ. ಉಳದವರು ಕೆಲವ್ರು ನಾಕೈದು ವರ್ಷದ ಮ್ಯಾಲ ಬಿಡುಗಡಿ ಆಗಿ ಊರಿಗೆ ಬಂದ್ರ, ಮನಿ, ಅಂಗಡಿ 'ಶತ್ರು ಆಸ್ತಿ' ಅಂತ ಹರಾಜು ಆಗಿಬಿಟ್ಟಿತ್ತು. ಕಲ್ಕತ್ತಾದಾಗ ಮನಿಯೊಳಗ ಉಳದವರಿಗೂ ಸುಖ ಇರಲಿಲ್ಲ. ಊರು ಬಿಟ್ಟು ಹೋಗಬೇಕಂದ್ರ ಪೊಲೀಸರ ಪರವಾನಗಿ ಬೇಕು.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಮುಂಡಗೋಡದಾಗ ಟಿಬೇಟಿ ಕಾಲನಿ ಐತಲ್ಲ, ಹುಬ್ಬಳ್ಳಿಂದ ಬಸ್ಸಿಗೆ ಕುಂತ್ರ ಜಂಪು ಹತ್ತೂದರಾಗ ಬರತೈತಿ. ಅದು ಸುರು ಆಗಿದ್ದು 1966ಕ್ಕ. ಚೀನಾದ ಕಾಟಕ್ಕ ಊರು ಬಿಟ್ಟು ಬಂದವರಿಗೆ ನಮ್ಮ ಸರಕಾರ ಭೂಮಿ ಕೊಟ್ಟು ನೆಲಿ ಮಾಡಿಕೊಟ್ಟಿತು. ಭಾಳ ಛಲೋ ಕೆಲಸ, ಅದರಾಗ ಎರಡು ಮಾತಿಲ್ಲ. ನಾವು ಅಲ್ಲಿ ಗುಡಿ ನೋಡಾಕ ಹೋಗ್ತೀವಿ, ತುಕ್ಪಾ ಕುಡೀತೀವಿ, ಥಂಡ್ಯಾಗ ಅವರ ಹತ್ರ ಸ್ವೆಟರ್ ಕೊಳ್ತೀವಿ. ಅದ ಹೊತ್ತಿನ್ಯಾಗ, ಅದ ಸರಕಾರ, ಅದ ಚೀನಾದ ಸಿಟ್ಟಿಗೆ ಇಲ್ಲೇ ಹುಟ್ಟಿದ ಮಕ್ಕಳನ್ನ ತಂತಿ ಬೇಲಿಯೊಳಗ ಇಟ್ಟಿತ್ತು. ಇವತ್ತು ಮೆನು ಕಾರ್ಡಿನ್ಯಾಗ ಮೋಮೋ, ಹಕ್ಕಾ ನೂಡಲ್ಸ್ ಅಕ್ಕಪಕ್ಕ ಕುಂತಾವ. ಅವನ್ನ ಕೊಟ್ಟ ಮಂದಿಗೆ ಆದದ್ದು ಒಂದಕ್ಕೊಂದು ಹೊಂದೂದಿಲ್ಲ.

ಮಂಚೂರಿ ಕಥಿಗೆ ಬರೂಣು. ಮಂಚೂರಿಯಾ ಅನ್ನೂದು ಚೀನಾದ ಈಶಾನ್ಯ ಭಾಗ, ಹಿಮಾ ಬೀಳೂ ಜಾಗಾ. ಅಲ್ಲಿ ಹೋಗಿ ಗೋಬಿ ಮಂಚೂರಿ ಕೊಡ್ರಿ ಅಂದ್ರ ಅವರು ಮಿಕಿ ಮಿಕಿ ನೋಡ್ತಾರ. ಈ ಅಡಗಿ ಹುಟ್ಟಿದ್ದು ಮುಂಬೈದಾಗ. ಕಲ್ಕತ್ತಾದಾಗ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಅನ್ನೂವ್ರು ಬಡತನದಾಗ ಮುಂಬೈಗೆ ಬಂದು ಅಡಗಿ ಕೆಲಸಕ್ಕ ನಿಂತ್ರು. 1975ರಾಗ ಅಲ್ಲಿನ ಕ್ರಿಕೆಟ್ ಕ್ಲಬ್ಬಿನ ಅಡಗಿಮನಿಯೊಳಗ ಯಾರೋ ಹೊಸಾದೇನರ ಮಾಡಿ ಕೊಡ್ರಿ ಅಂದ್ರಂತ. ಅವರೇ ಹೇಳಿದ ಪ್ರಕಾರ, ಹಸಿಶುಂಠಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಸಣ್ಣಗ ಕೊಚ್ಚಿ ಒಗ್ಗರಣಿ ಹಾಕಿದ್ರು. ಅಲ್ಲೀತನಕ ನಮ್ಮ ಪದ್ಧತಿ. ಅದರ ಮ್ಯಾಲ ಗರಂ ಮಸಾಲಿ ಬೀಳೂ ಜಾಗಾಕ್ಕ ಸೋಯಾ ಸಾಸ್ ಸುರದು, ಕಾರ್ನ್ ಫ್ಲೋರ್ ಕಲಸಿ ಗಟ್ಟಿ ಮಾಡಿದ್ರು. ಅದ ಚಿಕನ್ ಮಂಚೂರಿಯನ್. ಒಗ್ಗರಣಿಯಿಂದ ಸುರು ಆದದ್ದಕ್ಕ ನಮ್ಮ ಬಾಯಿಗೆ ಅದು ಪರದೇಶದ್ದು ಅನಸಲೇ ಇಲ್ಲ.

ಅದಕ್ಕಿಂತ ಎರಡು ವರ್ಷ ಮೊದಲ, 1973ರಾಗ, ಮುಂಬೈ ತಾಜ್ ಹೋಟೆಲಿನ್ಯಾಗ ಗೋಲ್ಡನ್ ಡ್ರ್ಯಾಗನ್ ಅಂತ ತಗದು ಸಿಚುವಾನ್ ಪ್ರಾಂತದ ಅಡಗಿ ತಂದಿದ್ರು. ಆ ಸಿಚುವಾನ್ ನಮ್ಮ ಬಾಯಾಗ 'ಶೆಜ್ವಾನ್' ಆತು, ಖರೇ ಸಿಚುವಾನ್ ಅಡಗಿಯೊಳಗಿನ ನಾಲಿಗಿ ಜುಮ್ಮ ಅನಿಸೂ ಕಾಳು ದಾರ್ಯಾಗ ಬಿದ್ದು ಹೋತು. ತಮಾಷಾ ಏನಂದ್ರ ಆ ಕಾಳಿನ ಅಕ್ಕ-ತಂಗಿ ನಮ್ಮ ಕಾರವಾರ ಕಡೆ ಮನಿಮನ್ಯಾಗ ಐತಿ. ಮೀನ ಸಾರಿಗೆ ಹಾಕೂ ತಿರಫಳ ಅದ ಜಾತೀದು. ಅಂಕೋಲಾ, ಕುಮಟಾದ ವೈನಿಗಳಿಗೆ ಗೊತ್ತಿರತೈತಿ.

ಚಿಕನ್ನಿನ ಜಾಗಾಕ್ಕ ಗೋಬಿ ಬಂದದ್ದು ತಿನ್ನೂವ್ರ ಸಲುವಾಗಿ. ಗೋಬಿನೂ ಹೊರಗಿಂದ ಬಂದಾಕಿನ. 1822ರಾಗ ಇಂಗ್ಲೆಂಡಿಂದ ಬೀಜ ತಂದು ಸಹಾರನಪುರದ ಕಂಪನಿ ತೋಟದಾಗ ಹಾಕಿದ್ರು. ನಮ್ಮ ಅಜ್ಜಿ ಕಾಲದಾಗ ಥಂಡಿಗೆ ಮಾತ್ರ ಬರ್ತಿತ್ತು. ಈಗ ವರ್ಷಪೂರ್ತಿ ಸಿಗತೈತಿ. ಗಾಡಿ ಮ್ಯಾಲ ಕೆಂಪ್ ಕೆಂಪ ಮಿಂಚತೈತಿ. ಆ ಕೆಂಪಿಗೆ 2024ರ ಮಾರ್ಚಿನ್ಯಾಗ ನಮ್ಮ ರಾಜ್ಯ ಸರಕಾರ ಕಡಿವಾಣ ಹಾಕಿತು. ಪರೀಕ್ಷಾಕ್ಕ ತಗೊಂಡ 171 ಗೋಬಿ ಮಾದರಿಯೊಳಗ 107ರಾಗ ಕೃತಕ ಬಣ್ಣ ಸಿಕ್ಕಿತ್ತು. ಹಾವೇರಿ ಜಿಲ್ಲಾದ ಬ್ಯಾಡಗಿ ಮೆಣಸಿನಕಾಯಿ ಇದ್ದ ನಾಡಿನ್ಯಾಗ ಡಬ್ಬಿ ಬಣ್ಣ ಯಾಕ ಬೇಕ್ರಿ? ನಾಕು ಬ್ಯಾಡಗಿ ಬಿಸಿನೀರಾಗ ನೆನಸಿ ನುಣ್ಣಗ ರುಬ್ಬಿ ಹಾಕ್ರಿ, ಖಾರ ಹೆಚ್ಚಾಗೂದಿಲ್ಲ, ಬಣ್ಣ ಅವರಪ್ಪನಂಗ ಬರತೈತಿ.

2020ರಾಗ ಗಡಿ ಮ್ಯಾಲ ಜಗಳ ಆದಾಗ ಒಬ್ಬ ಕೇಂದ್ರ ಮಂತ್ರಿಗಳು ಚೈನೀಸ್ ಊಟ, ಚೈನೀಸ್ ಹೋಟೆಲ್ ಬಂದ್ ಮಾಡ್ರಿ ಅಂದ್ರು. ಹಂಗ ಬಂದ್ ಮಾಡಿದ್ರ ಚೀನಾಕ್ಕ ಒಂದು ಪೈಸಾ ಲುಕ್ಸಾನ್ ಇಲ್ಲ. ಲುಕ್ಸಾನ್ ಆಗೂದು ಗಾಡಿ ಇಟ್ಟ ನಮ್ಮ ಓಣಿ ಹುಡುಗರಿಗೆ, ಮತ್ತ ಟಾಂಗ್ರಾದ ಮನಿಗಳಿಗೆ. ಆ ಮನಿಗಳಾಗ 1962 ನೆನಪಿದ್ದ ಅಜ್ಜಿಗಳು ಇನ್ನೂ ಇದ್ದಾಗ ಆಡಿದ ಮಾತು ಅದು.

ಟಾಂಗ್ರಾದಾಗ ಈಗ ಚರ್ಮದ ವಾಸನಿ ಇಲ್ಲ. 1996ಕ್ಕ ಸುಪ್ರೀಂ ಕೋರ್ಟ್ ಟ್ಯಾನರಿ ಎಲ್ಲಾ ಊರ ಹೊರಗ ಬಂಟಾಲಾಕ್ಕ ಒಯ್ಯಿರಿ ಅಂತು. ಎಷ್ಟೋ ಟ್ಯಾನರಿ ಜಾಗಾ ಹೋಟೆಲ್ ಆದ್ವು. ಅಲ್ಲೊಂದು ಕಾಳಿ ಗುಡಿ ಐತಿ, ಚೀನೀ ಮನಿತನದವರು ನೋಡ್ಕೊಳ್ಳೂದು. ಪ್ರಸಾದ ಅಂತ ನೂಡಲ್ಸ್ ಕೊಡ್ತಾರ. ನಮ್ಮ ಕಾಕು ಇದನ್ನ ಕೇಳಿ "ದೇವಿಗೆ ನಡೀತೈತಿ ಅಂದ ಮ್ಯಾಲ ನಂದೇನು" ಅಂತ ನಕ್ಕರು.

ಆದ್ರ ಮಂದಿ ಕಡಿಮಿ ಆಗ್ಯಾರ. ಒಂದು ಕಾಲಕ್ಕ ಕಲ್ಕತ್ತಾದಾಗ ಹತ್ತಾರು ಸಾವಿರ ಇದ್ದವರು ಈಗ ಎರಡು ಸಾವಿರದ ಆಸುಪಾಸು ಉಳದಾರ ಅಂತಾರ. ಭಾಳ ಮಂದಿ ಕೆನಡಾದ ಟೊರಾಂಟೊಕ್ಕ ಹೋದ್ರು. ಅಲ್ಲಿ ಅವರ ಹೋಟೆಲ್ ಬೋರ್ಡಿನ ಮ್ಯಾಲ 'ಹಕ್ಕಾ ಚೈನೀಸ್' ಅಂತ ಬರದಿರತೈತಿ, ಒಳಗ ಚಿಲ್ಲಿ ಚಿಕನ್, ಮಂಚೂರಿಯನ್. ಚೀನಾದಿಂದ ನೆಟ್ಟಗ ಬಂದವರಿಗೆ ಆ ಊಟ ಗುರುತ ಹತ್ತೂದಿಲ್ಲ. ಅಲ್ಲಿಗೆ ಮನಿ ನೆನಪಾಗಿ ಬರೂವ್ರು ಪಂಜಾಬಿಗಳು, ಗುಜರಾತಿಗಳು, ನಮ್ಮ ಕನ್ನಡದ ಹುಡುಗೂರು. ನಿಮ್ಮಾಗ ಯಾರರ ಮಕ್ಕಳು ಆ ಕಡೆ ಇದ್ರ ಹೇಳ್ರಿ, ಗಲ್ಲೇದ ಮ್ಯಾಲ ಕುಂತ ವಯಸ್ಸಾದವರ ಸಂಗಾಟ ಹಿಂದಿಯೊಳಗ ಮಾತಾಡಿ ನೋಡು ಅಂತ.