ಆ ಪಾಠ ಯಾವ ಕ್ಲಾಸಿಗೆ?

ಅಹಮದಾಬಾದಿನ ನರೋಡಾ ಇರಲಿ, ನಮ್ಮ ಹುಬ್ಬಳ್ಳಿ ಇರಲಿ, 2007ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಆಗಿದ್ದು ಒಂದೇ. ಕೇಂದ್ರ ಶಿಕ್ಷಣ ಇಲಾಖೆ ಮತ್ತು ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೊ ಸೇರಿ ತಂದಿದ್ದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಗುಜರಾತ್, ಕರ್ನಾಟಕ ಎರಡೂ ಬೇಡ ಅಂದವು. ಚಿತ್ರಗಳು ಅತಿಯಾದವು ಅನ್ನೋದು ದೂರು. ಗುಜರಾತಿಗೆ ಈ ಚರ್ಚೆಯೇನೂ ಹೊಸದಲ್ಲ. 1936ರಲ್ಲೇ ಗಾಂಧೀಜಿ ಅಲ್ಲಿನ ಸ್ಥಿತಿ ನೋಡಿ, ಜನನಾಂಗಗಳ ಬಗ್ಗೆ ಮಕ್ಕಳಿಗೆ ತಿಳಿವಳಿಕೆ ಬೇಕು ಅಂತ 'ಹರಿಜನ'ದಲ್ಲಿ ಬರೆದಿದ್ದರು. ಅವರ ಉದ್ದೇಶ ಸಂಯಮ, ಅದು ಬೇರೆ ಮಾತು.

ನನಗೆ ಮುಖ್ಯ ಅನ್ನಿಸೋದು 2009. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ, ಲೈಂಗಿಕ ರೋಗಗಳಂಥ ವಿಷಯ ಜೀವಶಾಸ್ತ್ರದಲ್ಲಿರಲಿ, ಆದ್ರೆ ಪಿಯುಸಿಗಿಂತ ಮುಂಚೆ ಬೇಡ ಅಂತು. ಅದೇ ವರ್ಷ ಯುನೆಸ್ಕೊ ಮಾರ್ಗಸೂಚಿ 5ನೇ ವಯಸ್ಸಿನಿಂದ, ವಯಸ್ಸಿಗೆ ತಕ್ಕಂತೆ ಶುರು ಮಾಡಿ ಅಂತು. ನೋಡಿ, ಮುಟ್ಟು ಪಿಯುಸಿ ತನಕ ಕಾಯೋದಿಲ್ಲ. ಹತ್ತಕ್ಕೇ ಓದು ಬಿಟ್ಟು ಕಾರ್ಖಾನೆ ಸೇರೋ ಹುಡುಗನಿಗೆ ಆ ಪುಟ ಸಿಗೋದೇ ಇಲ್ಲ. 2012ರಲ್ಲಿ ಪೋಕ್ಸೊ ಬಂತು. ಮಗು ನಡೆದಿದ್ದನ್ನ ಹೇಳಬೇಕು, ಹೇಳೋಕೆ ಪದ ಮಾತ್ರ ಯಾರೂ ಕಲಿಸಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸಮಗ್ರ ಲೈಂಗಿಕ ಶಿಕ್ಷಣಕ್ಕೆ ತಜ್ಞರ ಸಮಿತಿ ಮಾಡೋದನ್ನ ಯೋಚಿಸಿ ಅಂತ ಕೇಂದ್ರಕ್ಕೆ ಹೇಳಿತು.