ಮೈಸೂರಲ್ಲಿ ನಾಲ್ಕೇ ಗಂಟೆ: ಅರಮನೆಯೋ, ದೇವರಾಜ ಮಾರ್ಕೆಟ್ಟೋ?

ಇವತ್ತಿನ ಕಂತು ಶುರುವಾಗಿದ್ದು ಒಂದು ವಾಟ್ಸ್ಆ್ಯಪ್ ಮೆಸೇಜಿನಿಂದ.

ನನ್ನ ಹಳೇ ರೂಮ್‌ಮೇಟ್ ಧಾರವಾಡದವಳು. ಅವಳ ತಂಗಿ ಒಂದು ಪರೀಕ್ಷೆ ಬರೆಯೋಕೆ ಅಂತ ಮೈಸೂರಿಗೆ ಬಂದಿದ್ದಳು. ಮಾರನೇ ದಿನ ಮಧ್ಯಾಹ್ನ ವಾಪಸ್ ಹೋಗೋ ಬಸ್. ರಾತ್ರಿ ಮೆಸೇಜ್ ಹಾಕಿದ್ದಳು: “ಅಕ್ಕಾ, ನಾಕ ತಾಸು ಐತಿ. ಅರಮನಿ ನೋಡ್ಲ್ಯೋ, ಇಲ್ಲಾಂದ್ರ ನೀವು ಮೈಸೂರವ್ರು ಹೋಗೋ ಜಾಗಕ್ಕ ಹೋಗ್ಲ್ಯೋ?”

ನಾನು ಯೋಚನೇನೇ ಮಾಡದೆ ಟೈಪ್ ಮಾಡಿದೆ: “ಅರಮನೆ ಬಿಡು, ಅದು ಟೂರಿಸ್ಟ್‌ಗಳಿಗೆ. ದೇವರಾಜ ಮಾರ್ಕೆಟ್‌ಗೆ ಹೋಗು, ಅದು ನಿಜವಾದ ಮೈಸೂರು.”

ಕಳಿಸಿದ ಮೇಲೆ ಸ್ವಲ್ಪ ನಾಚಿಕೆ ಆಯ್ತು. ಯಾಕಂದ್ರೆ ನಾನು ಅರಮನೆಯ ಒಳಗೆ ಕೊನೇ ಸಲ ಹೋಗಿದ್ದು ನಾಲ್ಕನೇ ಕ್ಲಾಸಲ್ಲಿ, ಸ್ಕೂಲ್ ಟ್ರಿಪ್‌ನಲ್ಲಿ. ಇನ್ನು ಆ “ನಿಜವಾದ ಮೈಸೂರಿಗೆ”, ಅಂದ್ರೆ ಮಾರ್ಕೆಟ್ಟಿಗೆ, ಕಾಲಿಟ್ಟು ಎರಡು ವರ್ಷದ ಮೇಲಾಗಿತ್ತು. ತರಕಾರಿ ಆ್ಯಪಲ್ಲಿ ಬರುತ್ತೆ, ಹೂವು ಬೀದಿ ಕೊನೆಯ ಗಾಡೀಲಿ ಸಿಗುತ್ತೆ. ನೋಡದೇ ಇರೋ ಎರಡು ಜಾಗಗಳ ಬಗ್ಗೆ ಇನ್ನೊಬ್ಬರಿಗೆ ತೀರ್ಪು ಕೊಡೋದು ಸರಿ ಅನ್ನಿಸಲಿಲ್ಲ. “ಬೆಳಿಗ್ಗೆ ಏಳಕ್ಕೆ ಚಿಕ್ಕ ಗಡಿಯಾರದ ಹತ್ರ ಬಾ, ನಾನೂ ಬರ್ತೀನಿ. ಎರಡೂ ನೋಡೋಣ” ಅಂದೆ.

ಇಲ್ಲೊಂದು ಪ್ರಶ್ನೆ ಕೇಳ್ತೀನಿ. ಅರಮನೆ, ಮಾರ್ಕೆಟ್ಟು, ಇವೆರಡರಲ್ಲಿ ಯಾವುದು ಹಳೇದು? ಅರಮನೆ ಅಂತ ತಾನೆ ಅಂದ್ಕೊಂಡ್ರಿ? ನಾನೂ ಹಾಗೇ ಅಂದ್ಕೊಂಡಿದ್ದೆ.

ನಾವು ಇವತ್ತು ಟಿಕೆಟ್ ಕೊಟ್ಟು ನೋಡೋ ಅರಮನೆ ಕಟ್ಟಿ ಮುಗಿದಿದ್ದು 1912ರಲ್ಲಿ. ಅದಕ್ಕೂ ಮುಂಚೆ ಅದೇ ಕೋಟೆಯೊಳಗೆ ಮರದ ಅರಮನೆ ಇತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಬ್ರಿಟಿಷರು ಪಟ್ಟಕ್ಕೆ ಕೂರಿಸಿದರಲ್ಲ, ಆಮೇಲೆ ಕಟ್ಟಿದ್ದು ಅದು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಂಭ್ರಮದ ಹೊತ್ತಲ್ಲಿ ಅದಕ್ಕೆ ಬೆಂಕಿ ಬಿತ್ತು. ಬಹುಪಾಲು ಸುಟ್ಟುಹೋಯಿತು.

ಆಗಿನ ಪರಿಸ್ಥಿತಿ ಸ್ವಲ್ಪ ಊಹಿಸ್ಕೊಳ್ಳಿ. ಮಹಾರಾಜ ಹತ್ತನೇ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಮುಂದಿನ ರಾಜ, ಅಂದರೆ ನಮ್ಮ ನಾಲ್ವಡಿ, ಇನ್ನೂ ಹನ್ನೆರಡರ ಹುಡುಗ. ಆಡಳಿತ ನೋಡ್ತಿದ್ದವರು ತಾಯಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಗಂಡ ಹೋಗಿ ಮೂರು ವರ್ಷ ತುಂಬಿಲ್ಲ, ಮಗಳ ಮದುವೆ ಸಮಯಕ್ಕೆ ಮನೆಯೇ ಬೂದಿ. ಆ ಹೆಣ್ಣುಮಗಳು ಮತ್ತೆ ಕಟ್ಟಿಸಲು ನಿರ್ಧರಿಸಿದರು. ಶಿಮ್ಲಾದಲ್ಲಿ ವೈಸರಾಯ್ ಬಂಗಲೆ ಕಟ್ಟಿದ್ದ ಹೆನ್ರಿ ಇರ್ವಿನ್ ಅವರನ್ನು ಕರೆಸಿದರು. ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣ ಮಂಟಪದ ಎರಕದ ಕಂಬಗಳು ಬಂದಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ಒಟ್ಟು ಖರ್ಚು 41,47,913 ರೂಪಾಯಿ. ಕೊನೆಯ ಹದಿಮೂರು ರೂಪಾಯಿವರೆಗೂ ಲೆಕ್ಕ ಉಳಿದಿರೋದು ನಂಗೆ ಯಾಕೋ ಇಷ್ಟ.

ಅಷ್ಟರಲ್ಲಿ ಹುಡುಗ ದೊಡ್ಡವನಾದ. 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ಒಪ್ಪಿಸುವ ಸಮಾರಂಭ ನಡೆದಿದ್ದು ಪಕ್ಕದ ಜಗನ್ಮೋಹನ ಅರಮನೆಯಲ್ಲಿ. ಈ ದೊಡ್ಡ ಅರಮನೆಯ ಕೆಲಸ ಇನ್ನೂ ನಡೀತಿತ್ತು.

ಈಗ ಮಾರ್ಕೆಟ್ಟಿಗೆ ಬನ್ನಿ. ಅರಮನೆಯಿಂದ ಹತ್ತು ನಿಮಿಷದ ನಡಿಗೆ. ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೆ ಧನ್ವಂತರಿ ರಸ್ತೆಯವರೆಗೂ ಚಾಚಿಕೊಂಡಿದೆ. ಈ ಕಟ್ಟಡದ ಕೆಲಸ ಶುರುವಾಗಿದ್ದು ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, ಆಮೇಲೆ ಹಂತಹಂತವಾಗಿ ಬೆಳೀತು. ಎದುರಿಗಿರೋ ಚಿಕ್ಕ ಗಡಿಯಾರ 1886ರಲ್ಲಿ ವೈಸರಾಯ್ ಡಫರಿನ್ ಊರಿಗೆ ಬಂದ ನೆನಪಿನದು. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು. ಅಂದ್ರೆ ಮರದ ಅರಮನೆ ಹೊತ್ತಿ ಉರಿದ ದಿನ ಈ ಬೀದಿ ಇಲ್ಲಿತ್ತು, ಅಂಗಡಿಗಳಿದ್ದವು. ಟೂರಿಸ್ಟ್‌ಗಳು “ಇತಿಹಾಸ” ಅಂತ ನೋಡೋಕೆ ಹೋಗೋ ಕಟ್ಟಡಕ್ಕಿಂತ ನಾವು ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡೋ ಕಟ್ಟಡವೇ ಒಂದು ತಲೆ ಹಿರಿಯದು.

ನಾವು ಒಳಗೆ ಹೋದಾಗ ಹೂವಿನ ಸಾಲಲ್ಲಿ ವ್ಯಾಪಾರ ಜೋರಾಗಿತ್ತು. ಸೇವಂತಿಗೆ ಮಾರುಗಟ್ಟಲೆ, ಮಲ್ಲಿಗೆ ಮೊಳದ ಲೆಕ್ಕ. ಬಾಳೆಹಣ್ಣಿನ ಸಾಲಲ್ಲಿ ಗೊನೆಗಳು ಸೂರಿನಿಂದ ನೇತಾಡ್ತಿದ್ದವು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಜಿಐ ಮಾನ್ಯತೆ ಇದೆ. ಆದರೆ ರಸಬಾಳೆ ಸಿಗೋದೇ ಕಷ್ಟ ಈಗ; ಪನಾಮಾ ಸೊರಗು ರೋಗ ತೋಟಗಳನ್ನು ತಿಂದುಹಾಕಿದೆ. ಮೂರು ಅಂಗಡಿ ಕೇಳಿದ ಮೇಲೆ ಒಂದು ಚಿಪ್ಪು ಸಿಕ್ತು. ಹುಡುಗಿ ಒಂದು ಬಿಡಿಸಿ ತಿಂದು, ಏನೂ ಹೇಳದೆ ಇನ್ನೊಂದು ಬಿಡಿಸಿದಳು.

ಕುಂಕುಮದ ಅಂಗಡಿ ನೀವು ಇನ್‌ಸ್ಟಾಗ್ರಾಮಲ್ಲಿ ನೋಡೇ ಇರ್ತೀರ. ಕೆಂಪು, ನೇರಳೆ, ಹಳದಿ ಪುಡಿಗಳ ಗೋಪುರ. ನಾನು ಫೋನ್ ತೆಗೆದೆ. ಅಂಗಡಿಯವರು ನಗ್ತಾ ಅಂದ್ರು, “ತೆಗೀರಿ ತೆಗೀರಿ, ದಿನಾ ಐವತ್ತು ಜನ ತೆಗೀತಾರೆ. ತಗೊಳ್ಳೋರು ಐದು ಜನಾನೂ ಇಲ್ಲ.” ಬೇಜಾರಲ್ಲಿ ಹೇಳಲಿಲ್ಲ, ಹವಾಮಾನದ ವಿಷಯ ಹೇಳಿದ ಹಾಗೆ ಹೇಳಿದ್ರು. ನಾನು ಫೋನ್ ಒಳಗಿಟ್ಟು ನೂರು ಗ್ರಾಂ ಕುಂಕುಮ ಕಟ್ಟಿಸಿಕೊಂಡೆ. ಅದೇನು ದೊಡ್ಡ ಉಪಕಾರ ಅಲ್ಲ ಬಿಡಿ.

ಸಯ್ಯಾಜಿರಾವ್ ರಸ್ತೆ ಕಡೆಗೆ ಬಂದು ಮೈಸೂರ್ ಪಾಕ್ ತಿಂದ್ವಿ. ಅದನ್ನ ಮೊದಲು ಮಾಡಿದ್ದು ನಾಲ್ವಡಿಯವರ ಅರಮನೆ ಅಡುಗೆಯ ಕಾಕಾಸುರ ಮಾದಪ್ಪ ಅನ್ನೋದು ಊರ ನಂಬಿಕೆ; ಅವರ ವಂಶದವರ ಸಿಹಿ ಅಂಗಡಿ ಇದೇ ಮಾರ್ಕೆಟ್ಟಿನ ಸಾಲಿನಲ್ಲಿದೆ. ಅರಮನೆ ಅಡುಗೆಮನೆಯ ತಿಂಡಿ ಈಗ ರಸ್ತೆ ಬದಿ ಪೇಪರ್ ಮೇಲೆ ಸಿಗುತ್ತೆ. ಟೂರಿಸ್ಟ್ ಜಾಗ, ಲೋಕಲ್ ಜಾಗ ಅಂತ ನಾನು ಎಳೆದಿದ್ದ ಗೆರೆ ಅಳಿಸೋಕೆ ಶುರುವಾಗಿದ್ದು ಅಲ್ಲೇ.

ಹತ್ತು ಗಂಟೆಗೆ ಅರಮನೆ. ಚಪ್ಪಲಿ ಬಿಟ್ಟು ಕ್ಯೂನಲ್ಲಿ ನಿಂತ್ವಿ. ನಾನು ಮೂತಿ ಉಬ್ಬಿಸಿಕೊಂಡೇ ಒಳಗೆ ಹೋದೆ. ಕಲ್ಯಾಣ ಮಂಟಪಕ್ಕೆ ಬಂದ ಮೇಲೆ ಸುಮ್ಮನಾದೆ. ಮೇಲೆ ನವಿಲಿನ ಬಣ್ಣದ ಗಾಜು, ಅದನ್ನ ಎಲ್ಲರೂ ಫೋಟೋ ತೆಗೀತಾರೆ. ನೀವು ಕತ್ತು ಇಳಿಸಿ ಸುತ್ತಲ ಗೋಡೆ ನೋಡಿ. ದಸರಾ ಮೆರವಣಿಗೆಯ ತೈಲಚಿತ್ರಗಳ ಸಾಲಿದೆ, ಆ ಕಾಲದ ಫೋಟೋಗಳನ್ನ ಮುಂದಿಟ್ಟುಕೊಂಡು ಬರೆದದ್ದು. ಆನೆ, ಕುದುರೆ, ಸಿಪಾಯಿಗಳ ಜೊತೆಗೆ ನೋಡೋಕೆ ಬಂದ ಜನಾನೂ ಇದ್ದಾರೆ. ರಾಜನ ಮನೆ ಗೋಡೆ ಮೇಲೆ ಊರಿನ ಬೀದಿ.

ಜಂಬೂ ಸವಾರಿಯ ದಾರಿ ನೆನಪಿಸ್ಕೊಳ್ಳಿ. ಅರಮನೆಯಿಂದ ಹೊರಟು, ಕೆ.ಆರ್. ಸರ್ಕಲ್ ದಾಟಿ, ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪಕ್ಕೆ, ಸುಮಾರು ಐದು ಕಿಲೋಮೀಟರ್. ಅಂದ್ರೆ 750 ಕೆಜಿ ಅಂಬಾರಿ ಹೊತ್ತ ಆನೆ ಪ್ರತಿ ವರ್ಷ ಇದೇ ಮಾರ್ಕೆಟ್ಟಿನ ಮುಂದೇನೇ ಹೋಗುತ್ತೆ. ಚಿಕ್ಕವಳಿದ್ದಾಗ ನಾನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು ಆ ರಸ್ತೇಲೇ.

ಇನ್ನೊಂದು ವಿಷಯ, ಇದು ಯಾವ ಗೈಡೂ ಹೇಳಲಿಲ್ಲ. ಅರಮನೆ ಸುತ್ತ ಸೆಲ್ಫಿಗೆ ಅಷ್ಟು ಚಂದ ಕಾಣೋ ಬಯಲು ಇದೆಯಲ್ಲ, ಮೊದಲು ಕೋಟೆಯೊಳಗೆ ಮನೆಗಳು ಒತ್ತೊತ್ತಾಗಿದ್ದವು. 19ನೇ ಶತಮಾನದ ಕೊನೆಗೆ ಪ್ಲೇಗ್ ಬಂತು, 1903ರಲ್ಲಿ ನಗರ ಸುಧಾರಣಾ ಮಂಡಳಿ ಬಂತು, ಹೊಸ ಬಡಾವಣೆಗಳಾದವು, ಊರು ಅಗಲವಾಯಿತು. ಕೋಟೆಯೊಳಗಿನ ಜನ ಹೊರಗೆ ಹೋದರು. ಪೋಸ್ಟ್‌ಕಾರ್ಡ್ ನೋಟಕ್ಕೆ ಜಾಗ ಬಿಟ್ಟುಕೊಟ್ಟವರು ಕೂಡ ಲೋಕಲ್‌ಗಳೇ.

ಹಾಗಾದ್ರೆ ಎರಡಕ್ಕೂ ವ್ಯತ್ಯಾಸವೇ ಇಲ್ವಾ? ಇದೆ, ಮತ್ತೆ ಅದು ದೊಡ್ಡದು. ಅರಮನೆಗೆ ಟಿಕೆಟ್ ಇದೆ, ಕಾವಲು ಇದೆ, ಭಾನುವಾರ ಸಂಜೆ ಸುಮಾರು ಒಂದು ಲಕ್ಷ ಬಲ್ಬ್ ಹತ್ತುತ್ತೆ. ಅದಕ್ಕೆ ಒಂದು ಬಿರುಕು ಬಿಟ್ಟರೆ ರಾಜ್ಯದ ಸುದ್ದಿ. ಮಾರ್ಕೆಟ್ಟಿಗೆ ಇರೋದು ವ್ಯಾಪಾರಿಗಳು, ಮತ್ತೆ ನಾವು ಗಿರಾಕಿಗಳು.

2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರ್ಕೆಟ್ಟಿನ ಧನ್ವಂತರಿ ರಸ್ತೆ ಕಡೆಯ ಭಾಗ ಬಿತ್ತು, ಅದೂ ದುರಸ್ತಿ ನಡೀತಿದ್ದಾಗ. ಆಮೇಲಿಂದ ಒಂದೇ ಜಗಳ: ಕೆಡವಿ ಅದೇ ಮಾದರಿಯಲ್ಲಿ ಹೊಸದು ಕಟ್ಟೋದಾ, ಇರೋದನ್ನೇ ಗಟ್ಟಿ ಮಾಡೋದಾ? ಪಾರಂಪರಿಕ ಕಟ್ಟಡ ತಜ್ಞರು ಉಳಿಸಬಹುದು ಅಂದರು, ಕೆಡವೋದೇ ಸುರಕ್ಷಿತ ಅಂತ ಇನ್ನೊಂದು ಪಕ್ಷ. ಹೈಕೋರ್ಟ್‌ವರೆಗೂ ಹೋಯಿತು. ನನ್ನ ಮನಸ್ಸು ಉಳಿಸೋ ಕಡೆಗಿದೆ. ಆದ್ರೆ ಸೂರಿನ ಕೆಳಗೆ ದಿನಕ್ಕೆ ಹತ್ತು ಗಂಟೆ ಕೂರೋದು ನಾನಲ್ಲ, ಹಾಗಾಗಿ ಜೋರಾಗಿ ಹೇಳೋಕೆ ಬಾಯಿ ಬರಲ್ಲ. ಒಂದು ಮಾತ್ರ ಗೊತ್ತು. 1897ರಲ್ಲಿ ಸುಟ್ಟಿದ್ದನ್ನ ಕಟ್ಟಲು ಹದಿನೈದು ವರ್ಷ ಸಾಕಾಯ್ತು. ಇಲ್ಲಿ ದುರಸ್ತಿಯೋ ಕೆಡವೋದೋ ಅನ್ನೋ ಮಾತಿಗೇ ವರ್ಷಗಟ್ಟಲೆ ಹೋಯ್ತು.

ಅಂದ ಹಾಗೆ ಆ ಮದುಮಗಳು ಏನಾದ್ರು ಅಂತ ಕೇಳ್ತೀರೇನೋ. ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಜಯಲಕ್ಷ್ಮಿ ವಿಲಾಸ ಈಗ ಮಾನಸಗಂಗೋತ್ರಿ ಕ್ಯಾಂಪಸ್ಸಲ್ಲಿದೆ. ಅಲ್ಲೊಂದು ಜಾನಪದ ವಸ್ತುಸಂಗ್ರಹಾಲಯ. ಪಕ್ಕದಲ್ಲೇ ಕುವೆಂಪು ವಾಕಿಂಗ್ ಹೋಗ್ತಿದ್ದ ಕುಕ್ಕರಹಳ್ಳಿ ಕೆರೆ. ಐದನೇ ಗಂಟೆ ಇದ್ದಿದ್ರೆ ಅಲ್ಲಿಗೆ ಕರ್ಕೊಂಡು ಹೋಗ್ತಿದ್ದೆ.

ಇರಲಿಲ್ಲ. ಹನ್ನೊಂದೂವರೆಗೆ ಅವಳನ್ನ ಬಸ್ ಹತ್ತಿಸಿದೆ. ಮೈಸೂರಿಗೆ ಬರೋ ನಿಮಗೆ ನಾನು ಹೇಳೋದಿಷ್ಟು: ಬೆಳಿಗ್ಗೆ ಮಾರ್ಕೆಟ್, ಹತ್ತಕ್ಕೆ ಅರಮನೆ, ಕೈಲೊಂದು ಬಟ್ಟೆ ಚೀಲ ಇರಲಿ.

ಮುಂದಿನ ಭಾನುವಾರ ಅಮ್ಮನ್ನ ಮಾರ್ಕೆಟ್ಟಿಗೆ ಕರ್ಕೊಂಡು ಹೋದೆ. ಅಮ್ಮ ಸೀದಾ ಮೊದಲು ವೀಳ್ಯದೆಲೆ ತಗೊಳ್ತಿದ್ದ ಅಂಗಡಿ ಹತ್ರ ಹೋದ್ರು. ಅಲ್ಲಿ ಬೇರೆ ಯಾರೋ ಟೊಮ್ಯಾಟೊ ಹಾಕ್ಕೊಂಡು ಕೂತಿದ್ರು. ಮೂರು ಜನರನ್ನ ಕೇಳಿದ ಮೇಲೆ ಎರಡು ಸಾಲು ಆಚೆ ಸಿಕ್ಕರು. ಅಮ್ಮನ್ನ ನೋಡಿದವರೇ ಎಲೆ ಎಣಿಸೋದು ನಿಲ್ಲಿಸಿ, “ಯಾಕಮ್ಮಾ, ಇತ್ಲಾಗೆ ಬರೋದೇ ಬಿಟ್ಬಿಟ್ರಿ?” ಅಂದ್ರು. ಅಮ್ಮ ಒಂದು ಕ್ಷಣ ನನ್ನ ಮುಖ ನೋಡಿ, “ಮಂಡಿ ನೋವಪ್ಪಾ” ಅಂದ್ರು.